36 ಫೋಟೋ, ಒಂದೇ ಬೀದಿ

ಕ್ಯಾಮೆರಾ ಮುಟ್ಟೋಕೇ ಮನಸ್ಸು ಬಾರದ ದಿನಗಳ ಬಗ್ಗೆ ಇವತ್ತು ಮಾತಾಡೋಣ.

ಪುಣೆಗೆ ಬಂದ ಹೊಸದರಲ್ಲಿ ಪ್ರತಿ ವೀಕೆಂಡ್ ಸಿಂಹಗಡ, ಲೋಣಾವಳ ಅಂತ ಸುತ್ತುತ್ತಿದ್ದೆ. ಬರ್ತಾ ಬರ್ತಾ ಎಲ್ಲಾ ಫೋಟೋನೂ ಒಂದೇ ಥರ ಕಾಣೋಕೆ ಶುರುವಾಯ್ತು. ದುಬಾರಿ ಜೂಮ್ ಲೆನ್ಸ್ ತಗೊಂಡೆ. ಕ್ಯಾಮೆರಾ ಜೊತೆ ಅದೂ ಎಂಟು ತಿಂಗಳು ಬೀರುವಿನಲ್ಲೇ ಕೂತಿತು.

ಒಂದಿನ ಫೋನಲ್ಲಿ ಅಮ್ಮ, "ನೀನಿರೋ ಬೀದಿ ಹೆಂಗಿದೆ, ಒಂದು ಫೋಟೋ ಕಳ್ಸೋ" ಅಂದ್ರು. ಹಾರ್ಡ್ ಡಿಸ್ಕ್ ಪೂರ್ತಿ ಹುಡುಕಿದೆ. ಸೂರ್ಯಾಸ್ತ ನೂರಾರು ಇದ್ದವು. ಆರು ವರ್ಷ ಓಡಾಡಿದ ಬೀದಿಯದು ಒಂದೂ ಇರಲಿಲ್ಲ.

ಆಗ ನಿಯಮ ಮಾಡಿಕೊಂಡೆ: ಒಂದೇ ಬೀದಿ, ಹಳೇ 50 ಎಂಎಂ ಲೆನ್ಸ್, ವಾರಕ್ಕೆ 36 ಫೋಟೋ. ಫಿಲ್ಮ್ ರೋಲಿನ ಲೆಕ್ಕ. ಭಾನುವಾರದವರೆಗೆ ತೆಗೆದದ್ದನ್ನು ನೋಡೋ ಹಾಗಿಲ್ಲ. ಫ್ರಾನ್ಸಿನ ಕಾರ್ತಿಯೆ-ಬ್ರೆಸೋನ್ ಕೂಡ ಹೆಚ್ಚಿನ ಕೆಲಸವನ್ನು 50 ಎಂಎಂನಲ್ಲೇ ಮಾಡಿದವರು.

ಇದರಿಂದ ಏನು ಬದಲಾಗುತ್ತೆ? ಜೂಮ್ ಇಲ್ಲದಿದ್ದರೆ ನಾವೇ ನಡೆದು ಹತ್ತಿರ ಹೋಗಬೇಕು. ಆಗ ಎದುರಿಗಿರೋರು ನಮ್ಮನ್ನೂ ನೋಡ್ತಾರೆ. ಎಣಿಕೆ ಇದ್ದರೆ ಬಟನ್ ಒತ್ತುವ ಮೊದಲು ಯೋಚಿಸ್ತೀವಿ. ಜೊತೆಗೆ ಕಿಟ್ ಲೆನ್ಸಿನ ಎಫ್/5.6ಗಿಂತ ಎಫ್/1.8ರಲ್ಲಿ ಸುಮಾರು ಹತ್ತು ಪಟ್ಟು ಬೆಳಕು ಒಳಗೆ ಬರುತ್ತೆ. ಆಫೀಸ್ ಮುಗಿಸಿ ಬರೋ ಹೊತ್ತಿಗೆ ಬೀದಿದೀಪವೇ ಸಾಕು.

ಮೊದಲೆರಡು ವಾರ ಒಂದೂ ಚೆನ್ನಾಗಿ ಬರಲಿಲ್ಲ. ಮೂರನೇ ವಾರ ವಡಾಪಾವ್ ಅಂಗಡಿಯವರ ಹಿಟ್ಟು ಮೆತ್ತಿದ ಕೈ ಸಿಕ್ಕಿತು. ಅಮ್ಮನಿಗೆ ಕಳಿಸಿದೆ.

"ದಿನಾ ನಿಂಗೆ ತಿಂಡಿ ಕೊಡೋರು ಇವರೇನಾ? ಹೆಸರೇನು?"

ನಂಗೆ ಗೊತ್ತಿರಲಿಲ್ಲ. ಮಾರನೇ ದಿನ ಹೋಗಿ ಕೇಳಿದೆ.

ಈ ವಾರ ನಿಮ್ಮ ಬೀದಿಯಲ್ಲೂ 36 ತೆಗೆದು ನೋಡಿ.