ನೆತ್ತಿಯ ಮೇಲಿನ ಬಾಂದುಕಲ್ಲು

ಎಳೆಗೂಸಿಗೆ ಎಣ್ಣೆ ಹಚ್ಚುವ ಅಜ್ಜಿಯ ಬೆರಳು ನೆತ್ತಿಯ ಮೆತ್ತನೆಯ ಜಾಗಕ್ಕೆ ಬಂದೊಡನೆ ತಾನಾಗಿ ಹಗುರಾಗುತ್ತದೆ. ಮಗು ನಡೆದಾಡುವ ಹೊತ್ತಿಗೆ ಆ ಜಾಗ ಮುಚ್ಚಿಕೊಳ್ಳುತ್ತಾ ಬರುತ್ತದೆ. ಮೂಳೆಗಳ ಅಂಚು ಕೂಡಿದಲ್ಲಿ ಉಳಿಯುವ ಬಿಂದುವಿಗೆ ಬ್ರೆಗ್ಮಾ ಎಂದು ಹೆಸರು. ಹೊಲ ಅಳೆಯುವವರಿಗೆ ಬಾಂದುಕಲ್ಲು ಹೇಗೋ, ತಲೆಬುರುಡೆ ಅಳೆಯುವವರಿಗೆ ಇದು ಹಾಗೆ.

ಈ ಅಳತೆಯ ಚರಿತ್ರೆಯಲ್ಲಿ ನಮ್ಮ ಹೂವಿನಹಡಗಲಿಗೂ ಒಂದು ಪಾಲಿದೆ. 1920ರಲ್ಲಿ ಅಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್, 1946ರಲ್ಲಿ ಕಲ್ಕತ್ತೆಯಿಂದ ಕೇಂಬ್ರಿಡ್ಜ್‌ಗೆ ಹೋದರು. ಸುಡಾನಿನ ಜೆಬೆಲ್ ಮೋಯಾದಲ್ಲಿ ಅಗೆದು ತೆಗೆದ ಪ್ರಾಚೀನ ಅಸ್ಥಿಗಳ ಅಳತೆಗಳನ್ನು ವಿಶ್ಲೇಷಿಸುವ ಕೆಲಸ ಅಲ್ಲಿ ಕಾದಿತ್ತು. ಎರಡು ಗುಂಪುಗಳು ಒಂದಕ್ಕೊಂದು ಎಷ್ಟು ಭಿನ್ನ ಎಂದು ಅಳೆಯಲು ಸಂಖ್ಯಾಶಾಸ್ತ್ರಜ್ಞ ಮಹಲನೋಬಿಸ್ 1936ರಲ್ಲಿ ಪ್ರಕಟಿಸಿದ್ದ 'ದೂರ'ದ ಸೂತ್ರವೇ ಅದಕ್ಕೆ ಆಧಾರ. ಆ ಕಾಲದ ಅಳತೆಯೆಂದರೆ ಕ್ಯಾಲಿಪರ್‌ನ ಎರಡು ತುದಿಗಳನ್ನು ಎರಡು ಬಿಂದುಗಳಿಗೆ ಮುಟ್ಟಿಸಿ ಉದ್ದ ಬರೆದುಕೊಳ್ಳುವುದು. ಉದ್ದವೇನೋ ದಾಖಲೆಯಲ್ಲಿ ಉಳಿಯಿತು; ಬಿಂದುಗಳೆಲ್ಲ ಒಂದಕ್ಕೊಂದು ಹೇಗೆ ಕೂತಿದ್ದವು ಎಂಬುದು ಕೈಬಿಟ್ಟುಹೋಯಿತು. ಆಕಾರ ಇರುವುದೇ ಅದರಲ್ಲಿ.

ಇದಕ್ಕೂ ಮೊದಲೇ, 1931ರಲ್ಲಿ, ಅಮೆರಿಕದ ದಂತವೈದ್ಯ ಬ್ರಾಡ್‌ಬೆಂಟ್ ತಲೆಯನ್ನು ಒಂದೇ ಭಂಗಿಯಲ್ಲಿ ಹಿಡಿದಿಟ್ಟು ಎಕ್ಸ್-ರೇ ತೆಗೆಯುವ ವಿಧಾನ ಪ್ರಕಟಿಸಿದರು. ಹಲ್ಲು ಸರಿಪಡಿಸುವ ವೈದ್ಯರು ಫಿಲ್ಮಿನ ಮೇಲೆ ತೆಳುಕಾಗದವಿಟ್ಟು ಇಂಥ ಬಿಂದುಗಳಿಗೆ ಪೆನ್ಸಿಲಿನಿಂದ ಚುಕ್ಕಿ ಇಡತೊಡಗಿದರು. 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ಸಿಟಿ ಸ್ಕ್ಯಾನ್ ಆಯಿತು. ಚುಕ್ಕಿಗೆ ಮೂರನೆಯ ಆಯಾಮ ಸಿಗುವ ದಾರಿ ತೆರೆಯಿತು. ಎಲ್ಲ ಚುಕ್ಕಿಗಳೂ ಒಂದೇ ತೂಕದವಲ್ಲ ಎಂದು 1991ರ ತಮ್ಮ ಪುಸ್ತಕದಲ್ಲಿ ಅವನ್ನು ಮೂರು ವರ್ಗ ಮಾಡಿದವರು ಫ್ರೆಡ್ ಬುಕ್‌ಸ್ಟೈನ್. ಮೂಳೆಗಳು ಕೂಡುವ ಬಿಂದು ಗಟ್ಟಿ. ಬಾಗಿನ ತುದಿ ಅಷ್ಟು ಗಟ್ಟಿಯಲ್ಲ. ಬರೀ 'ಅತಿ ದೂರದ ಜಾಗ' ಎಂದು ಗುರುತಿಸಿದ್ದು ಇನ್ನೂ ಸಡಿಲ.

ಈಗ ಚುಕ್ಕಿ ಇಡುವುದು ಕಂಪ್ಯೂಟರಿನಲ್ಲಿ. ಅದಕ್ಕೆ ತಂತ್ರಾಂಶ ಆರಿಸುವವರು ಈ ವರ್ಗೀಕರಣದಿಂದ ಹೊರಡಬೇಕು ಎಂಬುದು ನನ್ನ ನಂಬಿಕೆ. ಫೋಟೊ ಮೇಲೆ ಚುಕ್ಕಿ ಇಡಲು ಜೇಮ್ಸ್ ರೋಲ್ಫ್ ಬರೆದ ಟಿಪಿಎಸ್‌ಡಿಗ್ ಸಾಕು. ಸ್ಕ್ಯಾನ್ ಕಥೆ ಬೇರೆ. ಸಿಟಿ ಪದರಗಳಿಂದ ಮೂಳೆಯ ಮೇಲ್ಮೈ ಕಟ್ಟಲು ಇದಕ್ಕಿಂತ ಹೆಚ್ಚಿದ್ದರೆ ಮೂಳೆ ಎಂದು ಸಾಂದ್ರತೆಯ ಒಂದು ಗೆರೆ ಎಳೆಯಬೇಕು. ಗೆರೆ ತುಸು ಮೇಲೇರಿದರೆ ಕಣ್ಣುಗೂಡಿನ ತೆಳು ಮೂಳೆಯಲ್ಲಿ ತೂತು ಬೀಳುತ್ತದೆ. ಮೇಲ್ಮೈಯನ್ನಷ್ಟೇ ತೋರಿಸುವ ತಂತ್ರಾಂಶದಲ್ಲಿ ಆ ತೂತು ನಿಜವೋ ಸುಳ್ಳೋ ತಿಳಿಯದು. ಮೇಲ್ಮೈ ಮೇಲಿಟ್ಟ ಚುಕ್ಕಿ ಮೂಲ ಪದರಗಳಲ್ಲೂ ಕಾಣಬೇಕು, ಅಲ್ಲೇ ಸರಿಸಲೂ ಆಗಬೇಕು.

ತ್ರೀಡಿ ಸ್ಲೈಸರ್ ಇದನ್ನು ಮಾಡುತ್ತದೆ. ಬಾಸ್ಟನ್ನಿನ ಬ್ರಿಗಮ್ ಆಸ್ಪತ್ರೆ ಮತ್ತು ಎಂಐಟಿ ನಡುವೆ 1998ರಲ್ಲಿ, ಒಬ್ಬ ಸ್ನಾತಕೋತ್ತರ ವಿದ್ಯಾರ್ಥಿಯ ಪ್ರಬಂಧದ ಕೆಲಸವಾಗಿ ಶುರುವಾದ ಮುಕ್ತ ತಂತ್ರಾಂಶ ಇದು. ಆಕಾರ ಅಧ್ಯಯನಕ್ಕೆಂದೇ ಅದಕ್ಕೆ ಜೋಡಿಸಿದ ಸ್ಲೈಸರ್‌ಮಾರ್ಫ್ ಕುರಿತ ಪ್ರಬಂಧ 2021ರಲ್ಲಿ ಬಂತು. ಅಮಿರಾದಂಥ ತಂತ್ರಾಂಶಗಳೂ ಸಮರ್ಥವಾಗಿಯೇ ಇವೆ, ಆದರೆ ಲೈಸೆನ್ಸಿಗೆ ದುಡ್ಡು ತೆರಬೇಕು. ಚುಕ್ಕಿಗಳನ್ನು ಸರಳ ಪಠ್ಯವಾಗಿ ಹೊರತೆಗೆಯುವ ಅವಕಾಶ ಇದೆಯೇ ಎಂಬುದನ್ನು ನಾನಾದರೆ ಬೆಲೆಗಿಂತ ಮೊದಲು ನೋಡುತ್ತೇನೆ. ಸಂಶೋಧಕರ ವಿದ್ಯಾರ್ಥಿಗಳು ಹತ್ತು ವರ್ಷದ ಮೇಲೂ ಅದನ್ನು ತೆರೆಯಬೇಕಲ್ಲ!

ಹೀಗೆ ಹೊರತೆಗೆಯುವುದರಲ್ಲೂ ಒಂದು ಹಳ್ಳವಿದೆ. ವೈದ್ಯಕೀಯ ಚಿತ್ರಗಳ ಡೈಕಾಮ್ ಮಾನಕದಲ್ಲಿ ಬಿಂದುವಿನ ಸ್ಥಾನ ಹೇಳುವ ಅಂಕಿ ಏರುವುದು ರೋಗಿಯ ಎಡಕ್ಕೆ ಮತ್ತು ಬೆನ್ನಿನ ಕಡೆಗೆ. ಸ್ಲೈಸರ್ ಒಳಗೊಳಗೇ ಎಣಿಸುವುದು ಬಲಕ್ಕೆ ಮತ್ತು ಮುಂದಕ್ಕೆ. ಕಡತ ಯಾವ ಲೆಕ್ಕದಲ್ಲಿದೆ ಎಂದು ನೋಡದೆ ಬೇರೆ ತಂತ್ರಾಂಶದಲ್ಲಿ ತೆರೆದರೆ ಚುಕ್ಕಿಗಳು ಮೂಳೆ ಬಿಟ್ಟು ಗಾಳಿಯಲ್ಲಿ ನಿಲ್ಲುತ್ತವೆ.

ಉದ್ದಗಳ ಲೆಕ್ಕದಿಂದ ಹೊರಟಿದ್ದ ರಾವ್ ಕೂಡ ಮುಂದೆ ಈ ಚುಕ್ಕಿಗಳಿಗೇ ಬಂದರು. 1996ರಲ್ಲಿ ಅವರು, ಶೈಲಜಾ ಸೂರ್ಯವಂಶಿ ಅವರ ಜೊತೆಗೂಡಿ, ಇಂಥ ಬಿಂದುಗಳಿಂದ ಆಕಾರವನ್ನು ವಿಶ್ಲೇಷಿಸುವ ಪ್ರಬಂಧ ಪ್ರಕಟಿಸಿದರು. ವಯಸ್ಸು ಎಪ್ಪತ್ತೈದು ದಾಟಿದ್ದರೂ ಅವರು ಬುರುಡೆಯ ಲೆಕ್ಕವನ್ನು ಬಿಟ್ಟಿರಲಿಲ್ಲ.

ತಂತ್ರಾಂಶದ ಆಯ್ಕೆ ಮುಗಿದ ಮೇಲೆ ಒಂದು ಪರೀಕ್ಷೆ ಮಾಡಲೇಬೇಕು. ಅದೇ ಸ್ಕ್ಯಾನ್ ಮೇಲೆ, ಹಳೆಯ ಚುಕ್ಕಿಗಳನ್ನು ಮರೆಮಾಡಿ, ಕೆಲವು ದಿನ ಬಿಟ್ಟು ಮತ್ತೆ ಇಡುವುದು. ಮೂಳೆಗಳ ಕೂಡುಗೆರೆ ಸ್ಪಷ್ಟವಾಗಿದ್ದರೆ ಬ್ರೆಗ್ಮಾ ಹೆಚ್ಚುಕಮ್ಮಿ ಇದ್ದಲ್ಲೇ ಸಿಗುತ್ತದೆ. ದುಂಡಗಿರುವ ದವಡೆಯ ಮೂಲೆಯಲ್ಲಿ ಮಾತ್ರ ಎರಡು ಚುಕ್ಕಿಗಳ ನಡುವಿನ ಮಿಲಿಮೀಟರುಗಳನ್ನು ಎಣಿಸಿ ಬರೆದಿಡಬೇಕು.