ಎಳ್ಳ ಅಮಾವಾಸ್ಯೆಯ ಭಜ್ಜಿ: ಹಬ್ಬದ ಅಡುಗೆಯಿಂದ ನಿತ್ಯದ ಪೌಷ್ಟಿಕತೆಯೆಡೆಗೆ

ಬೀದರ ಜಿಲ್ಲೆಯಲ್ಲಿ ಎಳ್ಳ ಅಮಾವಾಸ್ಯೆಯಂದು ರೈತ ಕುಟುಂಬಗಳು ಹೊಲಕ್ಕೆ ತೆರಳಿ, ಭೂತಾಯಿಗೆ ಪೂಜೆ ಸಲ್ಲಿಸಿ, ಚರಗ ಚೆಲ್ಲಿ, ಬಂಧುಮಿತ್ರರೊಡನೆ ಸಹಭೋಜನ ಮಾಡುವುದು ರೂಢಿ. ಬಹಮನಿ ಸುಲ್ತಾನರ ಗೋರಿಗಳಿರುವ ಅಷ್ಟೂರಿನ ಪರಿಸರದಿಂದ ಭಾಲ್ಕಿ, ಔರಾದ ತಾಲ್ಲೂಕುಗಳವರೆಗೆ ಅಂದಿನ ಊಟದಲ್ಲಿ ಭಜ್ಜಿಗೆ ವಿಶೇಷ ಸ್ಥಾನವಿದೆ. ಇದು ಎಣ್ಣೆಯಲ್ಲಿ ಕರಿದ ತಿನಿಸಲ್ಲ. ಆ ಋತುವಿನಲ್ಲಿ ದೊರೆಯುವ ಸೊಪ್ಪು, ತರಕಾರಿ ಹಾಗೂ ಹಸಿ ಕಾಳುಗಳನ್ನು ಒಟ್ಟಿಗೆ ಬೇಯಿಸಿ, ಕಡಲೆ ಹಿಟ್ಟು ಬೆರೆಸಿ ಸಿದ್ಧಪಡಿಸುವ ಗಟ್ಟಿಯಾದ ಸಾರು. ವರ್ಷದಲ್ಲಿ ಒಂದು ದಿನಕ್ಕೆ ಮೀಸಲಾದ ಈ ಅಡುಗೆಯನ್ನು ಸರಳಗೊಳಿಸಿ ವಾರದಲ್ಲಿ ಎರಡು ಮೂರು ಬಾರಿ ಮನೆಮನೆಗಳಲ್ಲಿ ಬಳಸುವಂತಾದರೆ ತಾಯಂದಿರು ಹಾಗೂ ಮಕ್ಕಳ ಆರೋಗ್ಯಕ್ಕೆ ಅದು ನೆರವಾಗುತ್ತದೆ.

ಆಹಾರವೇ ಮೊದಲ ಆರೈಕೆ

ಕಾಯಿಪಲ್ಲೆಗಳನ್ನು ನೀರಿನಲ್ಲಿ ಬೇಯಿಸಿ ದುರ್ಬಲರಿಗೆ ನೀಡುವ ಕ್ರಮ ಅನೇಕ ದೇಶಗಳಲ್ಲಿದೆ. ಚೀನಾದ ಸಾಂಪ್ರದಾಯಿಕ ವೈದ್ಯದಲ್ಲಿ ತರಕಾರಿ ಸಾರು ಆಹಾರ ಚಿಕಿತ್ಸೆಯ ಭಾಗವಾಗಿದೆ. 7ನೇ ಶತಮಾನದ ಚೀನೀ ವೈದ್ಯ ಸುನ್ ಸಿಮಿಯಾವೊ, ಮೊದಲು ಆಹಾರದಿಂದ ದೋಷ ಸರಿಪಡಿಸಬೇಕು, ಅದು ಫಲಿಸದಿದ್ದಾಗ ಔಷಧ ಬಳಸಬೇಕು ಎಂಬ ಅಭಿಪ್ರಾಯ ಹೊಂದಿದ್ದನು. ಆಯುರ್ವೇದದಲ್ಲಿ ಹೆಸರುಕಾಳಿನ ಕಟ್ಟಿಗೆ ಯೂಷವೆಂಬ ಹೆಸರಿದ್ದು, ರೋಗದಿಂದ ಚೇತರಿಸಿಕೊಳ್ಳುವವರಿಗೆ ಅದನ್ನು ನೀಡುವ ಪದ್ಧತಿಯಿದೆ. ಭಜ್ಜಿಯೂ ಇದೇ ತಿಳಿವಳಿಕೆಯ ಸ್ಥಳೀಯ ರೂಪವೆನ್ನಬಹುದು.

ರಕ್ತಹೀನತೆಯ ಪ್ರಶ್ನೆ

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಸುಮಾರು ಶೇ. 48ರಷ್ಟು, 6ರಿಂದ 59 ತಿಂಗಳ ಮಕ್ಕಳಲ್ಲಿ ಸುಮಾರು ಶೇ. 65ರಷ್ಟು ಮಂದಿಗೆ ರಕ್ತಹೀನತೆಯಿದೆ. ಗರ್ಭಿಣಿಯಲ್ಲಿ ರಕ್ತಹೀನತೆ ತೀವ್ರವಾದರೆ ಹೆರಿಗೆಯ ಸಮಯದ ರಕ್ತಸ್ರಾವ ಪ್ರಾಣಾಪಾಯ ತರಬಲ್ಲದು. ಮಗುವಿನಲ್ಲಿ ಅದು ಬೆಳವಣಿಗೆ ಹಾಗೂ ಕಲಿಕೆಯನ್ನು ಕುಂಠಿತಗೊಳಿಸುತ್ತದೆ.

ಜೋಳದ ರೊಟ್ಟಿಯೊಡನೆ ಕೇವಲ ಖಾರ ಅಥವಾ ತಿಳಿಸಾರು ಇರುವ ಊಟ ಹೊಟ್ಟೆ ತುಂಬಿಸುತ್ತದೆಯೇ ಹೊರತು ಈ ಕೊರತೆಯನ್ನು ನೀಗಿಸುವುದಿಲ್ಲ. ಅದೇ ರೊಟ್ಟಿಯೊಡನೆ ಸೊಪ್ಪು ಮತ್ತು ಕಾಳು ಸೇರಿದರೆ ಪ್ರೋಟೀನು, ಫೋಲೇಟು, ಕಬ್ಬಿಣ ಮತ್ತು ಎ ಜೀವಸತ್ವದ ಪೂರೈಕೆ ಸುಧಾರಿಸುತ್ತದೆ. 100 ಗ್ರಾಂ ಹಸಿ ನುಗ್ಗೆ ಸೊಪ್ಪಿನಲ್ಲಿ ಸುಮಾರು 6 ಗ್ರಾಂ ಪ್ರೋಟೀನು ಹಾಗೂ 300 ಮಿಲಿಗ್ರಾಂ ಸುಣ್ಣದಂಶವಿರುತ್ತದೆ.

ಸಿದ್ಧಪಡಿಸುವ ಕ್ರಮ

ಐದು ಜನರ ಕುಟುಂಬಕ್ಕೆ 250 ಗ್ರಾಂ ಸೊಪ್ಪು (ಮೆಂತ್ಯ, ಪಾಲಕ, ನುಗ್ಗೆ ಅಥವಾ ಎಳೆಯ ಕಡಲೆ ಸೊಪ್ಪು), 250 ಗ್ರಾಂ ತರಕಾರಿ (ಬದನೆ, ಗಜ್ಜರಿ, ಅವರೆ ಮುಂತಾದವು), ಒಂದು ಬಟ್ಟಲು ಹಸಿ ತೊಗರಿ ಅಥವಾ ಬಟಾಣಿ ಕಾಳು, ಎರಡು ಮೂರು ಚಮಚ ಕಡಲೆ ಹಿಟ್ಟು ಸಾಕು. ಹಸಿ ಕಾಳು ದೊರೆಯದ ಕಾಲದಲ್ಲಿ ಹೆಸರು ಬೇಳೆ ಅಥವಾ ನೆನೆಸಿದ ಒಣ ಕಾಳು ಬಳಸಬಹುದು. ಒಂದೂವರೆ ಲೀಟರು ನೀರಿನಲ್ಲಿ ಮೊದಲು ಕಾಳು, ಅನಂತರ ತರಕಾರಿ, ಕೊನೆಯಲ್ಲಿ ತೊಳೆದು ಹೆಚ್ಚಿದ ಸೊಪ್ಪನ್ನು ಹಾಕಿ, ಪಾತ್ರೆ ಮುಚ್ಚಿ ಬೇಯಿಸಬೇಕು. ತಣ್ಣೀರಿನಲ್ಲಿ ಗಂಟಾಗದಂತೆ ಕದಡಿದ ಕಡಲೆ ಹಿಟ್ಟು, ಬೆಳ್ಳುಳ್ಳಿ, ಅರಿಸಿನ, ಹುಣಸೆ ರಸ ಹಾಗೂ ಅಯೋಡಿನ್‌ಯುಕ್ತ ಉಪ್ಪನ್ನು ಬೆರೆಸಿ ಹತ್ತು ನಿಮಿಷ ಕುದಿಸಬೇಕು. ಬೇಯಿಸಿದ ನೀರನ್ನು ಚೆಲ್ಲಬಾರದು. ನೀರಿನಲ್ಲಿ ಕರಗುವ ಜೀವಸತ್ವಗಳು ಅದರಲ್ಲಿಯೇ ಇರುತ್ತವೆ. ಇದೇ ಕಾರಣಕ್ಕೆ ಸೊಪ್ಪನ್ನು ಹೆಚ್ಚುವ ಮೊದಲೇ ತೊಳೆಯಬೇಕು.

ಬಡಿಸುವಾಗ ನಿಂಬೆ ರಸ ಹಿಂಡುವುದು ಕೇವಲ ರುಚಿಗಾಗಿ ಅಲ್ಲ. ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣವನ್ನು ದೇಹ ಅಲ್ಪ ಪ್ರಮಾಣದಲ್ಲಿ ಮಾತ್ರ ಹೀರಿಕೊಳ್ಳುತ್ತದೆ. ನಿಂಬೆಯಲ್ಲಿರುವ ಸಿ ಜೀವಸತ್ವ ಅದನ್ನು ಹೆಚ್ಚಿಸುತ್ತದೆ. ಆ ಜೀವಸತ್ವ ಶಾಖಕ್ಕೆ ನಾಶವಾಗುವುದರಿಂದ ರಸವನ್ನು ಒಲೆಯಿಂದ ಇಳಿಸಿದ ಮೇಲೆಯೇ ಸೇರಿಸಬೇಕು. ಊಟದೊಡನೆ ಕುಡಿಯುವ ಚಹಾ ಕಬ್ಬಿಣದ ಹೀರಿಕೆಯನ್ನು ತಗ್ಗಿಸುತ್ತದೆ. ಆದ್ದರಿಂದ ಊಟಕ್ಕೂ ಚಹಾಕ್ಕೂ ನಡುವೆ ಒಂದು ಗಂಟೆಯ ಅಂತರವಿರಲಿ.

ಗಮನಿಸಬೇಕಾದ ಎರಡು ಅಂಶಗಳು

ಮೊದಲನೆಯದು, ಎಳೆಯ ಮಕ್ಕಳಿಗೆ ಮೇಲಿನ ತಿಳಿಯನ್ನು ಮಾತ್ರ ಕುಡಿಸುವ ರೂಢಿ ಅನೇಕ ಮನೆಗಳಲ್ಲಿದೆ. ತಿಳಿಯಿಂದ ಮಗುವಿನ ಪುಟ್ಟ ಹೊಟ್ಟೆ ನೀರಿನಿಂದ ತುಂಬುತ್ತದೆ, ಪೋಷಣೆ ಪಾತ್ರೆಯ ತಳದಲ್ಲಿ ಉಳಿಯುತ್ತದೆ. 6 ತಿಂಗಳು ತುಂಬಿದ ಮಗುವಿಗೆ ತಾಯಿಯ ಹಾಲಿನ ಜೊತೆಗೆ, ಕಾಳು ಸೊಪ್ಪುಗಳನ್ನು ನುಣ್ಣಗೆ ಮಸೆದು, ಚಮಚದಿಂದ ಸುಲಭವಾಗಿ ಜಾರದಷ್ಟು ಗಟ್ಟಿಯಾಗಿ ನೀಡಬೇಕು.

ಎರಡನೆಯದು, ಭಜ್ಜಿ ಔಷಧಕ್ಕೆ ಪರ್ಯಾಯವಲ್ಲ. ಗರ್ಭಿಣಿಯರು ಮೂರು ತಿಂಗಳು ಕಳೆದ ನಂತರ ಕನಿಷ್ಠ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ಕಬ್ಬಿಣಾಂಶದ ಮಾತ್ರೆಯನ್ನು ತಪ್ಪದೆ ಸೇವಿಸಬೇಕು. ಹಿಮೋಗ್ಲೋಬಿನ್ 7 ಗ್ರಾಂಗಿಂತ ಕಡಿಮೆಯಿರುವ ಗರ್ಭಿಣಿಯನ್ನು ಮನೆಮದ್ದಿನಲ್ಲಿ ಕಾಲ ಕಳೆಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಸದಸ್ಯರ ಪಾತ್ರ

ಆರೋಗ್ಯ ಹಾಗೂ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ಸೂಚಿಸಿರುವ ವಿಷಯಗಳಲ್ಲಿ ಸೇರಿವೆ. ಆದುದರಿಂದ ಸದಸ್ಯರು ತಮ್ಮ ವಾರ್ಡುಗಳಲ್ಲಿ ಈ ಕೆಳಗಿನ ಕ್ರಮಗಳಿಗೆ ಮುಂದಾಗಬಹುದು.

1. 2017ರ ಅಕ್ಟೋಬರ್ 2ರಂದು ಆರಂಭವಾದ ಮಾತೃಪೂರ್ಣ ಯೋಜನೆಯ ಬಿಸಿಯೂಟಕ್ಕೆ ಗರ್ಭಿಣಿಯರು ಮತ್ತು ಬಾಣಂತಿಯರು ಬರುತ್ತಿರುವರೇ, ಸಾಂಬಾರಿನಲ್ಲಿ ಸೊಪ್ಪು ತರಕಾರಿ ಇದೆಯೇ ಎಂಬುದನ್ನು ಅಂಗನವಾಡಿಗೆ ಭೇಟಿ ನೀಡಿ ಗಮನಿಸುವುದು.

2. ಬೇಸಿಗೆಯಲ್ಲಿ ಸೊಪ್ಪು ದುಬಾರಿಯಾಗುವುದರಿಂದ, ನೀರಿನ ಕೊರತೆಯನ್ನು ತಾಳಿಕೊಳ್ಳುವ ನುಗ್ಗೆ ಗಿಡವನ್ನು ಶಾಲೆ, ಅಂಗನವಾಡಿ ಹಾಗೂ ಮನೆಗಳ ಹಿತ್ತಲಿನಲ್ಲಿ ಮಳೆಗಾಲದ ಆರಂಭದಲ್ಲಿಯೇ ನೆಡಿಸುವುದು.

3. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯ ಸಭೆಯಲ್ಲಿ ಆಶಾ ಹಾಗೂ ಅಂಗನವಾಡಿ ಕಾರ್ಯಕರ್ತೆಯರೊಡನೆ ರಕ್ತಹೀನತೆಯ ಸ್ಥಿತಿಯನ್ನು ಚರ್ಚಿಸುವುದು.

4. ಸ್ವಸಹಾಯ ಸಂಘಗಳ ಮಹಿಳೆಯರಿಂದ ಅಡುಗೆ ಪ್ರಾತ್ಯಕ್ಷಿಕೆ ಏರ್ಪಡಿಸಿ, ಅತ್ತೆ, ಸೊಸೆ ಹಾಗೂ ಮನೆಯ ಪುರುಷರನ್ನೂ ಆಹ್ವಾನಿಸುವುದು.

ಮನೆಯ ಎಲ್ಲರೂ ಉಂಡ ಮೇಲೆ ಉಳಿದುದನ್ನು ಹೆಂಗಸರು ಉಣ್ಣುವ ರೂಢಿ ಇರುವಲ್ಲಿ ಎಷ್ಟೇ ಪೌಷ್ಟಿಕವಾದ ಅಡುಗೆಯೂ ಅಗತ್ಯವುಳ್ಳವರನ್ನು ತಲುಪುವುದಿಲ್ಲ. ಎಳ್ಳ ಅಮಾವಾಸ್ಯೆಯಂದು ಹೊಲದಲ್ಲಿ ಎಲ್ಲರೂ ಕೂಡಿ ಉಣ್ಣುವಂತೆ ಮನೆಯಲ್ಲಿಯೂ ಗರ್ಭಿಣಿ, ಬಾಣಂತಿ ಮತ್ತು ಮಕ್ಕಳಿಗೆ ಅವರ ಪಾಲು ಸಕಾಲದಲ್ಲಿ ದೊರೆಯುವಂತೆ ಜನರಲ್ಲಿ ತಿಳಿವಳಿಕೆ ಮೂಡಿಸುವುದು ಸದಸ್ಯರ ಕರ್ತವ್ಯವಾಗಿದೆ.