ಅರಿವೆ ಸುತ್ತಿದ ದೇವದಂಡ

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿ ಶಾಂತಸಾಗರದ ರಾರೊಟೊಂಗ ದ್ವೀಪದ ದೇವದಂಡವೊಂದಿರುವುದು. ಉದ್ದ ಸುಮಾರು 4 ಮೀಟರು. ತುದಿಯಲ್ಲಿ ದೊಡ್ಡದೊಂದು ಶಿರಸ್ಸು. ಅದರ ಕೆಳಗೆ ಸಾಲಾಗಿ ಕೆತ್ತಿದ ಚಿಕ್ಕ ಚಿಕ್ಕ ಆಕೃತಿಗಳು. ನಡುಭಾಗವಾದರೋ ಕಣ್ಣಿಗೆ ಬೀಳದು. ಮರದ ತೊಗಟೆಯನ್ನು ಬಡಿದು ಮಾಡಿದ ಅರಿವೆಯ ದಪ್ಪ ಸುರುಳಿಯೊಳಗೆ ಅದು ಅಡಗಿರುವುದು.

ದಂಡವನ್ನು ಕೆತ್ತುತ್ತಿದ್ದವರು ಗಂಡಸರು. ಅರಿವೆಯನ್ನು ಸಿದ್ಧಪಡಿಸುತ್ತಿದ್ದವರು ಹೆಂಗಸರು. ನಮ್ಮ ಸೋದರಿಯರು ಈ ಮಾತನ್ನು ಗಮನಿಸಬೇಕು. ಏಕೆಂದರೆ ಆ ಅರಿವೆಯು ಬರಿಯ ಅಲಂಕಾರವಲ್ಲ. ಅದರ ಒಳಗೆ ಕೆಂಪು ಗರಿಗಳನ್ನೂ ನಯಗೊಳಿಸಿದ ಮುತ್ತಿನ ಚಿಪ್ಪಿನ ಚೂರುಗಳನ್ನೂ ಇರಿಸುತ್ತಿದ್ದರು. ದ್ವೀಪದವರು ಇವನ್ನು 'ಮನಾವ', ಎಂದರೆ ದೇವರ ಪ್ರಾಣ, ಎಂದು ತಿಳಿದಿದ್ದರೆಂಬುದಾಗಿ ಪಾದ್ರಿ ಜಾನ್ ವಿಲಿಯಮ್ಸರು ಬರೆದಿರುವರು.

ಕ್ರೈಸ್ತಮತವು 1823ರಲ್ಲಿ ಆ ದ್ವೀಪವನ್ನು ಮುಟ್ಟಿತು. 1827ರಲ್ಲಿ ಜನರು ಇಂತಹ 14 ದೇವರುಗಳನ್ನು ಹೊತ್ತುತಂದು ವಿಲಿಯಮ್ಸರ ಕಾಲಬಳಿ ಕೆಡಹಿದರು. ಕೆಲವನ್ನು ಅಲ್ಲಿಯೇ ಹರಿದು ಹಾಕಿದರು. ಕೆಲವು ಕಟ್ಟಲಿದ್ದ ಪ್ರಾರ್ಥನಾಮಂದಿರದ ಮಾಡಿಗೆ ಅಲಂಕಾರವೆಂದು ಮೀಸಲಾದುವು. ಒಂದನ್ನು ಇಂಗ್ಲೆಂಡಿಗೆ ಕಳುಹಲು ಇರಿಸಿಕೊಂಡರು.

ಇತರ ಸಂಗ್ರಹಾಲಯಗಳಲ್ಲಿ ಇಂದು ಕಾಣುವುದು ಬಹುಮಟ್ಟಿಗೆ ಕಡಿದ ತುದಿಗಳು. ಅವುಗಳ ಕೆತ್ತನೆ ಸೊಗಸೇ ಸರಿ. ಆದರೂ ಅರಿವೆಯಿಲ್ಲದ ಮರವನ್ನು ಕಂಡವರು ಅರ್ಧ ದೇವರನ್ನು ಮಾತ್ರ ಕಂಡರೆಂದು ನಮಗೆ ತೋರುವುದು. ಸುರುಳಿಸಹಿತವಾಗಿ ಉಳಿದಿರುವ ದೊಡ್ಡ ದಂಡವು ಲಂಡನ್ನಿನದೊಂದೇ.